ಗವಸು ಹೊದ್ದ ಪೆಟ್ಟಿಗೆ

"ಬುದ್ಧಿ, ಕೇಳಿ ಪಕ್ಕಕ್ಕೆ ಸರಿಸಿದ ಮಾತು ಮನಸ್ಸಿಂದ ಪೂರ್ತಿ ಅಳಿಸಿ ಹೋಗೋದು ಯಾವಾಗ?"

ಕೇಳಿದವನು ಸದ್ಯೋಜಾತ. ಆ ಮಠದ ಹೊರಜಗಲಿಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದವನು. ಗುರುಗಳನ್ನು ಕಾಣಲು ಬಂದವರು ಮೊದಲು ಅವನನ್ನು ಕಾಣಬೇಕು, ಅದು ಅಲ್ಲಿಯ ಪದ್ಧತಿ. ಬಂದವರು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ. 'ಆಗಲಿ, ಬುದ್ಧಿಯವರಿಗೆ ತಿಳಿಸ್ತೀನಿ' ಎಂದು ಕಳಿಸುತ್ತಿದ್ದ. ಯಾರ ಮೇಲೂ ಸಿಡುಕಿದವನಲ್ಲ, ಯಾರನ್ನೂ ಗದರಿದವನಲ್ಲ. ಮಠಕ್ಕೆ ಬಂದ ಹೊಸದರಲ್ಲಿ ಒಬ್ಬೊಬ್ಬರ ಮಾತಿಗೂ ಅವನ ಕಣ್ಣು ತುಂಬುತ್ತಿತ್ತು. ಈಗ ತುಂಬುವುದಿಲ್ಲ. ಸಂಜೆ ಜಗಲಿಯಿಂದ ಏಳುವಾಗ ಯಾರು ಏನು ಹೇಳಿದರೆಂಬುದು ಒಂದೂ ನೆನಪಿರುತ್ತಿರಲಿಲ್ಲ. ಮೈಮೇಲೆ ಭಾರ ಮಾತ್ರ ಇರುತ್ತಿತ್ತು. ಅವನಿಗೆ ಸಾಕುಸಾಕಾಗಿ ಹೋಗಿತ್ತು.

ಅಂದು ಸೋಮವಾರ. ಮಧ್ಯಾಹ್ನ ಅವನು ಜಗಲಿಯಿಂದೆದ್ದು ಒಳಗೆ ಹೊರಟಾಗ, ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ಅವಳ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. "ಸ್ವಾಮಿ, ಹೋದ ಸೋಮವಾರನೂ ಹೇಳಿದ್ನಲ್ಲ..." ಎಂದಳು. "ಆಗಲಿ ತಾಯಿ, ತಿಳಿಸ್ತೀನಿ" ಎಂದು ಕೈಯೆತ್ತಿ ಅವನು ಹೊಸ್ತಿಲು ದಾಟಿದ. ದಾಟುವಾಗಲೇ ಅವಳನ್ನು ಮರೆತಿದ್ದ.

ಗುರುಗಳು ದಾಸೋಹದ ಮನೆಯ ಮುಂದೆ ಚಾಪೆ ಹಾಕಿಕೊಂಡು, ಮೊರದಲ್ಲಿ ಅಕ್ಕಿ ಹರವಿ ಕಲ್ಲು ಆರಿಸುತ್ತಿದ್ದರು. ಎಪ್ಪತ್ತೆಂಟು ವರ್ಷದವರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಪ್ರಶ್ನೆ ಕೇಳಿಯೂ ತಲೆ ಎತ್ತಲಿಲ್ಲ.

"ಅದಕ್ಕೇನು ಮಾಡ್ಬೇಕು ಅಂತಿದೀಯ?"

"ಹಿಂದಿನ ಗವೀಲಿ ಒಂದು ವರ್ಷ ಮೌನ ಹಿಡೀತೀನಿ ಬುದ್ಧಿ. ಜಗಲಿಗೆ ಬೇರೆ ಯಾರನ್ನಾದ್ರೂ ಕೂರಿಸಿ. ಎಲ್ಲ ಅಳಿಸಿ ಮನಸ್ಸು ಬೆಳ್ಳಗಾದ ಮೇಲೆ ಬರ್ತೀನಿ. ನನ್ನ ಕೈಲಿ ಇನ್ನು ಆಗಲ್ಲ."

ಅಪ್ಪಣೆ ಸಿಗದಿದ್ದರೆ ಮಠ ಬಿಟ್ಟೇ ಹೋಗುವುದೆಂದು ಅವನು ಆಗಲೇ ನಿಶ್ಚಯಿಸಿಕೊಂಡು ಬಂದಿದ್ದ. ಅವನು ಹೇಳದಿದ್ದರೂ ಗುರುಗಳಿಗೆ ಅದು ತಿಳಿಯಿತು.

"ಕೂತ್ಕೊ. ಈ ಅಕ್ಕಿ ಮುಗಿಯೋವರೆಗೆ ಒಂದು ಕತೆ ಕೇಳು. ಅಪ್ಪಣೆ ಆಮೇಲೆ" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮುತ್ತಜ್ಜನ ಕಾಲದಿಂದ ಆ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಅವರ ಸೀರೆಗೆ ಹೆಸರು ಬಂದದ್ದು ಅಂಚಿನಿಂದ. ಅಂಚಿನ ನಕ್ಷೆಯನ್ನು ಮೊದಲು ಚೌಕಳಿ ಹಾಳೆಯ ಮೇಲೆ ಬರೆಯಬೇಕು, ಒಂದು ಚೌಕಕ್ಕೆ ಒಂದು ಎಳೆ. ಹಂಸದ ಸಾಲು, ಮಾವಿನಕಾಯಿ, ರುದ್ರಾಕ್ಷಿ, ಗಂಡಭೇರುಂಡ, ಹೀಗೆ ನಾಲ್ಕು ತಲೆಮಾರಿನವರು ಬರೆದ ಸಾವಿರಕ್ಕೂ ಮಿಕ್ಕಿದ ನಕ್ಷೆಗಳು ಒಂದು ಮರದ ಕಪಾಟಿನಲ್ಲಿದ್ದವು. ಅವು ಬೇರೆ ಯಾರ ಮನೆಯಲ್ಲೂ ಇಲ್ಲದವು. ನೇಕಾರನಿಗೆ ಆಸ್ತಿ ಎಂದರೆ ಅದೇ.

ಒಂದು ವರ್ಷ ಕಪಾಟಿಗೆ ಗೆದ್ದಲು ಹತ್ತಿತು. ಹಾಳೆಗಳ ಅಂಚು ತಿಂದು ಒಳಕ್ಕೆ ಬರತೊಡಗಿತು. ನೇಕಾರ ಹೌಹಾರಿದ.

ಅವನ ಹೆಂಡತಿಯ ತಮ್ಮ ಚೌಡೇಶ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅವನು ಬಂದು, ಎಲ್ಲ ಹಾಳೆಗಳ ಫೋಟೊ ತೆಗೆದು ಮನೆಯಲ್ಲೇ ಒಂದು ಸರ್ವರಿನಲ್ಲಿ ಇಟ್ಟುಕೊಳ್ಳಲು ಹೇಳಿದ. ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರದ ಒಂದು ಕಪ್ಪು ಪೆಟ್ಟಿಗೆ ತಂದುಕೊಟ್ಟ. ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ಇಟ್ಟದ್ದೆಲ್ಲ ಇನ್ನೊಂದರಲ್ಲೂ ತಾನಾಗಿ ಕೂರುತ್ತದೆ. "ಒಂದು ಕೆಟ್ರೆ ಇನ್ನೊಂದು ಕಾಯ್ತದೆ ಭಾವ. ಕೆಟ್ಟದ್ದರ ಜಾಗಕ್ಕೆ ತಕ್ಷಣ ಹೊಸದು ಹಾಕ್ಬೇಕು, ಅಷ್ಟೇ. ಒಳಗೆ ಏನು ಹೆಚ್ಚುಕಮ್ಮಿ ಆದ್ರೂ ಅದೇ ನಿಮ್ಮ ಫೋನಿಗೆ ಕೂಗಿ ಹೇಳ್ತದೆ" ಎಂದ.

"ಈ ಮುದುಕನಿಗೆ ಪೆಟ್ಟಿಗೆ ವಿಷ್ಯ ಹೆಂಗೆ ಗೊತ್ತು ಅಂತ ನನ್ನ ಮುಖ ನೋಡ್ಬೇಡ" ಎಂದರು ಗುರುಗಳು, ಒಂದು ಕಲ್ಲನ್ನು ಹೆಕ್ಕಿ ಚಾಪೆಯ ಮೇಲಿಡುತ್ತ. "ಆ ನೇಕಾರ ಇದೇ ಚಾಪೆ ಮೇಲೆ ಕೂತು ಎರಡು ದಿನ ಹೇಳಿದಾನೆ."

ಫೋಟೊ ತೆಗೆಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಹಾಳೆಗಳ ಪ್ರಶ್ನೆ ಬಂತು. ಗೆದ್ದಲು ಹಿಡಿದದ್ದನ್ನು ಮನೆಯಲ್ಲಿ ಇಡುವಂತಿಲ್ಲ. ಹಿರಿಯರ ಕೈಬರಹ, ಸುಡುವಂತಿಲ್ಲ, ತಿಪ್ಪೆಗೆ ಎಸೆಯುವಂತೂ ಇಲ್ಲ. ಮುಕ್ಕಾದ ದೇವರ ಪಟವನ್ನು ನೀರಿಗೆ ಬಿಡುವುದು ಅವರಲ್ಲಿ ರೂಢಿ. ಹಾಗೆಯೇ ಹಾಳೆಗಳ ಕಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಕೆರೆಗೆ ಬಿಟ್ಟುಬಂದ. ಅಲ್ಲಿಂದ ಮುಂದೆ ಆ ಮನೆಯ ನಾಲ್ಕು ತಲೆಮಾರು ಆ ಒಂದು ಪೆಟ್ಟಿಗೆಯೊಳಗಿತ್ತು.

ಮೊದಲ ವಾರವೇ ಪೆಟ್ಟಿಗೆ ಕೂಗಿತು. ನೇಕಾರ ಮಗ್ಗದ ಗುಂಡಿಯಿಂದೆದ್ದು ಓಡಿ ಬಂದ. ಫೋನಿನಲ್ಲಿ ಎಚ್ಚರಿಕೆ ಕನ್ನಡದಲ್ಲೇ ಬಂದಿತ್ತು, ಓದಲು ಸುಲಭವಾಗಲಿ ಎಂದು ಚೌಡೇಶ ಹಾಗೆ ಮಾಡಿಕೊಟ್ಟಿದ್ದ. 'ಕರೆಂಟು ಇದ್ದಕ್ಕಿದ್ದಂತೆ ಹೋಗಿ ಬಂದಿದೆ' ಎಂದಿತ್ತು. ನೇಕಾರ ಚೌಡೇಶನಿಗೆ ಫೋನ್ ಮಾಡಿದ. ಅವನು ನಕ್ಕ. "ಅದಕ್ಕೆಲ್ಲ ಹೆದರ್ಕೋಬೇಡಿ ಭಾವ. ಓದ್ಕೊಂಡು, ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಹೋಗ್ತದೆ" ಎಂದ. ನೇಕಾರ ಸರಿಸಿದ. ಹೋಯಿತು.

ಆ ಊರಿನಲ್ಲಿ ಕರೆಂಟು ದಿನಕ್ಕೆ ಎರಡು ಮೂರು ಸಲ ಹೋಗಿ ಬರುತ್ತದೆ. ಪೆಟ್ಟಿಗೆ ಅಷ್ಟು ಸಲವೂ ಕೂಗಿತು. ಎರಡನೆಯ ವಾರ ಅವನು ಓಡಿ ಬರಲಿಲ್ಲ, ನಡೆದು ಬಂದ. ಒಂದು ತಿಂಗಳಾದ ಮೇಲೆ ಫೋನನ್ನು ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡ. ಮೂರು ತಿಂಗಳಿಗೆ ಓದುವುದನ್ನು ಬಿಟ್ಟ. ಫೋನು ಟಿಣ್ ಎಂದರೆ ಸಾಕು, ಬೆರಳು ತಾನಾಗಿಯೇ ಹೋಗಿ ಸರಿಸಿ ಬರುತ್ತಿತ್ತು.

ಅವನು ಸೋಮಾರಿ ಎಂದುಕೊಳ್ಳಬೇಡ. ಮಗ್ಗದಲ್ಲಿ ಕೂದಲಿಗಿಂತ ಸಣ್ಣ ಎಳೆ ಒಂದು ಕಡಿದರೂ ಅವನಿಗೆ ತಿಳಿಯುತ್ತಿತ್ತು. ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಲಾಳಿ ಓಡುವ ಸದ್ದು ಒಂದಿಷ್ಟು ಬದಲಾಗುತ್ತದಂತೆ. ತಕ್ಷಣ ಕಾಲು ನಿಲ್ಲಿಸುತ್ತಿದ್ದ. ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಿದ ಮೇಲೆಯೇ ಲಾಳಿ ಮತ್ತೆ ಓಡುತ್ತಿತ್ತು. ಕಡಿದ ಎಳೆಯ ಮೇಲೆ ಒಂದು ಗೇಣು ನೇಯ್ದುಬಿಟ್ಟರೆ ಸೀರೆ ಹಾಳು. ಮೂವತ್ತೆಂಟು ವರ್ಷ ಅವನು ಒಂದು ದಿನವೂ ಹಾಗೆ ನೇಯ್ದವನಲ್ಲ. ಆದರೆ ಅದು ಮಗ್ಗ, ಇದು ಪೆಟ್ಟಿಗೆ. ಮಗ್ಗದ ಕಿವಿಯನ್ನು ಅವನು ಪೆಟ್ಟಿಗೆಗೆ ಕೊಡಲಿಲ್ಲ.

ಕೊಡಲು ಕಿವಿ ಉಳಿದಿರಲೂ ಇಲ್ಲ ಅನ್ನು. ಎಲ್ಲ ಕಡೆಯಿಂದಲೂ ಅವನನ್ನೇ ಕರೆಯುವವರು. ನೇಕಾರರ ಸಂಘದವರು ಸಭೆಗೆ ಕರೆಯುತ್ತಿದ್ದರು. ನೂಲಿಗೆ ಬಣ್ಣ ಹಾಕುವವನು ಯಾವ ಕೆಂಪು ಎಂದು ಕೇಳಲು ಕರೆಯುತ್ತಿದ್ದ. ಒಂದು ಮೊಣಕಾಲು ನೋವೆದ್ದು ದಿನವೂ ಕರೆಯುತ್ತಿತ್ತು. ಅವನು ನಿಜವಾಗಿ ದಣಿದಿದ್ದ. ಅದರಲ್ಲಿ ಸುಳ್ಳಿಲ್ಲ.

ಮಗ್ಗದ ಮನೆಯಲ್ಲಿ ನೂಲಿನ ದೂಳು ಎಲ್ಲದರ ಮೇಲೂ ಕೂರುತ್ತದೆ. ಪೆಟ್ಟಿಗೆಯ ಮೇಲೂ ಕೂತಿತು. ಮಾವನವರ ಕೈಕೆಲಸ ಇರುವ ಪೆಟ್ಟಿಗೆಯ ಮೇಲೆ ದೂಳು ಕಂಡು ಮನೆಯಾಕೆಗೆ ಸಂಕಟವಾಯಿತು. ಟಿವಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಗವಸು ಹೊಲಿದು ಹಾಕಿದ್ದವಳು ಇದನ್ನು ಮಾತ್ರ ಹೇಗೆ ಬಿಟ್ಟಾಳು? ಒಂದು ದಿನ ಮಗ್ಗದ ಬಳಿ ಬಂದು ಕೇಳಿದಳು.

"ರೀ, ಪೆಟ್ಟಿಗೆಗೊಂದು ಗವಸು ಹೊಲೀಲಾ? ಮಾವನೋರ ಕಾಲದ ಅಂಚಿನ ಚೂರು ಒಂದಷ್ಟು ಅವೆ. ಮುಚ್ಚಿದ್ರೆ ಅದಕ್ಕೇನೂ ಆಗಲ್ಲ ಅಲ್ವಾ?"

"ಹೂಂ" ಎಂದ ನೇಕಾರ.

ಹೊಸ ನಕ್ಷೆಯನ್ನು ಮಗ್ಗಕ್ಕೆ ಏರಿಸಿದಾಗ ಮೊದಲು ಒಂದು ಗೇಣು ನೇಯ್ದು ನೋಡಿ, ಅದನ್ನು ಕತ್ತರಿಸಿ ತೆಗೆಯುವುದು ಅವರ ಕ್ರಮ. ಮಾವ ಹಾಗೆ ಕತ್ತರಿಸಿ ಬಿಸಾಡಿದ ಚೂರುಗಳನ್ನು ಅವಳು ಮದುವೆಯಾಗಿ ಬಂದ ವರ್ಷದಿಂದ ಎತ್ತಿಟ್ಟುಕೊಂಡಿದ್ದಳು. ಕೆಲವು ಕೌದಿಗೆ ಹೋಗಿದ್ದವು, ಕೆಲವು ಉಳಿದಿದ್ದವು. ಉಳಿದವನ್ನು ಒಂದಕ್ಕೊಂದು ಕೂಡಿಸಿ, ಒಳಗೆ ಹಳೆಯ ಸೀರೆಯ ಎರಡು ಪದರ ಕೊಟ್ಟು, ದಪ್ಪನೆಯ ಗವಸು ಹೊಲಿದಳು. ನಾಲ್ಕು ಕಡೆಯೂ ಬಿಗಿಯಾಗಿ ಕೂರುವಂತೆ ಹೊದಿಸಿದಳು. ನೋಡಿದವರು ಎಷ್ಟು ಚೆಂದ ಎಂದರು. ಪೆಟ್ಟಿಗೆಯ ಬೆನ್ನಿಗೆ ಗಾಳಿ ಎಳೆದುಕೊಳ್ಳುವ ಸಣ್ಣ ಫ್ಯಾನೊಂದಿತ್ತು, ಗವಸು ಅದನ್ನೂ ಮುಚ್ಚಿತ್ತು.

ಅಂದಿನಿಂದ ಪೆಟ್ಟಿಗೆ ಬೇರೆ ಮಾತು ಆಡತೊಡಗಿತು. 'ಒಳಗೆ ಬಿಸಿ ಏರಿದೆ' ಎಂದಿತು. 'ಗಾಳಿ ಸಾಲದು' ಎಂದಿತು. ಮತ್ತೆ 'ಬಿಸಿ ಏರಿದೆ' ಎಂದಿತು. ಕರೆಂಟಿನ ಕೂಗುಗಳ ನಡುವೆ ಇವೂ ಬಂದವು. ಎಲ್ಲಕ್ಕೂ ಸದ್ದು ಒಂದೇ. ಬೆರಳು ಸರಿಸಿತು.

ಮನೆಯಾಕೆ ಫೋನು ನೋಡುವವಳಲ್ಲ, ಆದರೆ ಮನೆ ನೋಡುವವಳು. ಅವಳು ಬಂದು ಹೇಳಿದಳು, "ರೀ, ಆ ಪೆಟ್ಟಿಗೆ ಯಾಕೋ ಬೆಚ್ಚಗೈತೆ. ಬೆಕ್ಕು ಈಗ ಒಲೆ ಪಕ್ಕ ಮಲಗೋದೇ ಬಿಟ್ಟೈತೆ, ಅದ್ರ ಮೇಲೇ ಮಲಗ್ತದೆ."

"ಹೂಂ."

"ಚೌಡೇಶಂಗೆ ಒಂದು ಮಾತು ಕೇಳ್ಬಾರ್ದಾ?"

"ಹೂಂ."

"ನಮ್ಮ ಜನಕ್ಕೆ ಈ ಹೂಂ ಒಂದು ಸಿಕ್ಕಿಬಿಟ್ಟಿದೆ ನೋಡು" ಎಂದು ಗುರುಗಳು ಮೊರವನ್ನು ಒಮ್ಮೆ ಕೊಡವಿದರು. "ಬಾಗಿಲು ತೆಗೆಯೋಕೂ ಅದೇ, ಹಾಕೋಕೂ ಅದೇ. ಹೊರಗೆ ನಿಂತೋರಿಗೆ ಯಾವುದು ಅಂತ ಗೊತ್ತಾಗಲ್ಲ."

ಸದ್ಯೋಜಾತ ಮುಗುಳ್ನಕ್ಕ. ಗುರುಗಳು ನಗಲಿಲ್ಲ. ಮುಂದಕ್ಕೆ ಹೇಳಿದರು.

ದೀಪಾವಳಿ ಕಳೆದ ಮೇಲೆ ಒಂದು ದಿನ ನೇಕಾರ ಹೊಸ ಹಾಸು ಕೂಡಿಸುತ್ತಿದ್ದ. ಮಗ್ಗದಲ್ಲಿ ಉಳಿದ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಸೇರಿಸಬೇಕು. ನಾಲ್ಕು ಸಾವಿರ ಎಳೆ, ಒಂದೊಂದಾಗಿ. ಬೆರಳು ಜಾರದಿರಲಿ ಎಂದು ಬೂದಿ ಮುಟ್ಟಿಕೊಂಡು ಹೊಸೆಯುತ್ತಾರೆ. ನಡುವೆ ಎದ್ದರೆ ಸಾಲು ತಪ್ಪುತ್ತದೆ. ಆಗ ಫೋನು ಟಿಣ್ ಎಂದಿತು. 'ಎರಡನೆಯ ಡಿಸ್ಕು ನಿಂತುಹೋಗಿದೆ. ಈಗ ಒಂದೇ ಡಿಸ್ಕಿನ ಮೇಲೆ ನಡೆಯುತ್ತಿದೆ. ಕೂಡಲೇ ಹೊಸದು ಹಾಕಿ' ಎಂದು ಬರೆದಿತ್ತು. ಅವನು ಬೂದಿ ಹತ್ತಿದ ಬೆರಳಿನಿಂದಲೇ ಅದನ್ನು ಸರಿಸಿದ. ಗಾಜಿನ ಮೇಲೆ ಬೂದಿಯ ಗೆರೆ ಉಳಿಯಿತು. ಅದನ್ನು ಪಂಚೆಯಿಂದ ಒರೆಸಿ ಮುಂದಿನ ಎಳೆ ಹಿಡಿದ.

ಹಾಗೆ ಎರಡು ತಿಂಗಳು ಒಂಟಿ ಡಿಸ್ಕು ಆ ಬಿಸಿಯಲ್ಲಿ ದುಡಿಯಿತು. ಪೆಟ್ಟಿಗೆ ದಿನವೂ ಹೇಳಿತು. ಬೆರಳು ದಿನವೂ ಸರಿಸಿತು.

ಸಂಕ್ರಾಂತಿ ಆದ ಮೇಲೆ ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿದ್ದಾಗ, ಅವನ ಬೆರಳು ಫೋನಿನಲ್ಲಿ ಎಲ್ಲೋ ಒತ್ತಿ ಬೇರೊಂದು ಪುಟ ತೆರೆಯಿತು. ಇಷ್ಟು ದಿನ ಸರಿಸಿದ ಎಚ್ಚರಿಕೆಗಳೆಲ್ಲ ಅಲ್ಲಿದ್ದವು. ಹೋದವು ಎಂದು ಅವನು ತಿಳಿದಿದ್ದ. ಅವು ಹೋಗಿರಲಿಲ್ಲ. ಪಕ್ಕಕ್ಕೆ ಸರಿದು, ಬೂದಿ ಬಣ್ಣಕ್ಕೆ ತಿರುಗಿ, ಒಂದರ ಕೆಳಗೊಂದು ಕೂತಿದ್ದವು. ಮೇಲೆ ಸಂಖ್ಯೆ ಇತ್ತು, ಆರುನೂರ ಹದಿನಾಲ್ಕು. ಆರುನೂರ ಹದಿನಾಲ್ಕು ಜನ ಅಂಗಳದಲ್ಲಿ ಕಾದು ಕೂತಂತೆ ಅನಿಸಿತು. ಅವನು ನೋಡಿದ್ದು ಸಂಖ್ಯೆಯನ್ನು. ಬರಹವನ್ನು ಆಗಲೂ ನೋಡಲಿಲ್ಲ.

ಚೌಡೇಶನಿಗೆ ಫೋನ್ ಮಾಡಿದ. "ಸರಿಸಿದ್ದೆಲ್ಲ ಹಂಗಂಗೇ ಕೂತವಲ್ಲೋ! ಇವನ್ನ ಪೂರ್ತಿ ಅಳಿಸೋದು ಹೆಂಗೆ?"

"ಅಳಿಸ್ಬೋದು ಭಾವ. ಒಂದ್ಸಲ ಮೇಲಿಂದ ಕೆಳಗಂಟ ಓದ್ಬಿಟ್ಟು ಅಳಿಸಿ."

"ಎಲ್ಲ ನೋಡಿದೀನಿ ಬಿಡು."

ಸುಳ್ಳು ಹೇಳಿದೆ ಎಂದು ಅವನಿಗೆ ಅನಿಸಲಿಲ್ಲ. ಒಂದೊಂದರ ಮೇಲೂ ಬೆರಳಿಟ್ಟವನು ತಾನೇ ಅಲ್ಲವೆ? ಚೌಡೇಶ ದಾರಿ ಹೇಳಿಕೊಟ್ಟ. ಫೋನು ಕೊನೆಯದಾಗಿ ಕೇಳಿತು, 'ಎಲ್ಲವನ್ನೂ ಅಳಿಸಬೇಕೆ? ಅಳಿಸಿದ್ದು ಮರಳಿ ಬರುವುದಿಲ್ಲ.' ನೇಕಾರ ಹೌದು ಎಂದು ಒತ್ತಿದ. ಪುಟ ಬೆಳ್ಳಗಾಯಿತು.

ಆ ಮಧ್ಯಾಹ್ನ ಅವನು ಅಲ್ಲೇ ಚಾಪೆಯ ಮೇಲೆ ಮಲಗಿ ಗಾಢವಾಗಿ ನಿದ್ದೆ ಮಾಡಿದ. ವರ್ಷಗಳಿಂದ ಅಂಥ ನಿದ್ದೆ ಬಂದಿರಲಿಲ್ಲ. ಎದ್ದಾಗ ಮನೆಯಾಕೆ ಕಾಫಿ ತಂದುಕೊಟ್ಟು, "ಏನೋ ಇವತ್ತು ಮುಖ ಹಗುರಾಗೈತೆ" ಎಂದಳು.

"ನೀನು ಕೇಳ್ತಿರೋ ಸುಖ ಇದೇ ಅಲ್ವಾ?" ಎಂದರು ಗುರುಗಳು.

"ಹೌದು ಬುದ್ಧಿ" ಎಂದ ಸದ್ಯೋಜಾತ. ಅವನಿಗೆ ನೇಕಾರನ ಆ ನಿದ್ದೆಯ ಮೇಲೆ ಆಸೆಯಾಗಿತ್ತು. ಹಾಗೊಂದು ಮಧ್ಯಾಹ್ನ ತನಗೆ ಸಿಕ್ಕರೆ ಮತ್ತೇನೂ ಬೇಡವೆನಿಸಿತ್ತು.

ಆಮೇಲೆ ಎರಡು ದಿನ ಪೆಟ್ಟಿಗೆ ಎಂದಿನಂತೆ ಕೂಗಿತು. ಮೂರನೆಯ ದಿನದಿಂದ ಕೂಗಲಿಲ್ಲ. ಕರೆಂಟು ಹೋಯಿತು, ಬಂತು, ಫೋನು ಸುಮ್ಮನಿತ್ತು. ಹಳೆಯದನ್ನು ಅಳಿಸಿದ್ದರಿಂದ ಪೆಟ್ಟಿಗೆಗೂ ಬುದ್ಧಿ ಬಂದಿರಬೇಕು ಎಂದುಕೊಂಡ ನೇಕಾರ. ಒಂಬತ್ತು ದಿನ ಆ ಮೌನ ನಡೆಯಿತು. ಅವನಿಗೆ ಬಹಳ ಹಿತವಾಗಿತ್ತು.

ಹತ್ತನೆಯ ದಿನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಮದುವೆ. ಅಜ್ಜಿ ಧಾರೆಗೆ ಉಟ್ಟ ಸೀರೆ ಈ ಮನೆಯದಂತೆ, ಅದೇ ಹಂಸದ ಅಂಚು ಬೇಕೆಂದಳು. ನೇಕಾರ ಖುಷಿಯಿಂದ ನಕ್ಷೆ ತೋರಿಸಲು ಫೋನು ತೆಗೆದ. ಏನೂ ಬರಲಿಲ್ಲ. ಪೆಟ್ಟಿಗೆಯ ಬಳಿ ಹೋದ. ದೀಪ ಆರಿತ್ತು. ಬೆಕ್ಕು ಕೂಡ ಅಲ್ಲಿರಲಿಲ್ಲ, ಒಲೆಯ ಪಕ್ಕಕ್ಕೆ ಹೋಗಿ ಮಲಗಿತ್ತು.

ಚೌಡೇಶ ಬಂದ. ಗವಸು ತೆಗೆದ. ಪೆಟ್ಟಿಗೆ ಬಿಚ್ಚಿ ನೋಡಿ, ಡಿಸ್ಕುಗಳನ್ನು ಪೇಟೆಗೆ ಒಯ್ದು, ನಾಲ್ಕು ದಿನ ಅವರಿವರ ಬಳಿ ತೋರಿಸಿ, ಹಿಂದಕ್ಕೆ ತಂದ.

"ಎರಡೂ ಹೋಗವೆ ಭಾವ. ಸುಟ್ಟಂಗಾಗವೆ, ಏನೂ ಎತ್ತೋಕಾಗಲ್ಲ ಅಂದ್ರು. ಒಂದು ಯಾವಾಗ್ಲೋ ಹೋಗೈತೆ. ಹೋದಾಗ ಹೇಳೇ ಇರ್ತದೆ. ಎಲ್ಲಿ, ಆ ಪಟ್ಟಿ ಕೊಡಿ."

ನೇಕಾರ ಫೋನು ಕೊಟ್ಟ. ಚೌಡೇಶ ನೋಡಿದ. ಪುಟ ಬೆಳ್ಳಗಿತ್ತು. ಅವನು ಭಾವನ ಮುಖ ನೋಡದೆ ಫೋನನ್ನು ಹಿಂದಕ್ಕೆ ಕೊಟ್ಟ. ಆಮೇಲೆ ಅಕ್ಕನ ಕಡೆ ತಿರುಗಿ, "ಈ ಗವಸು ಯಾವಾಗಿಂದ ಐತಕ್ಕ?" ಎಂದು ಕೇಳಿದ.

"ದೂಳು ಬೀಳ್ತದೆ ಅಂತ ಹೊಲ್ದೆ ಕಣೋ" ಎಂದಳು ಅವಳು. "ಇವ್ರನ್ನ ಕೇಳೇ ಹೊಲ್ದೆ. ಹೂಂ ಅಂದ್ರು."

ನೇಕಾರನಿಗೆ ಅವಳು ಕೇಳಿದ್ದು ನೆನಪಿರಲಿಲ್ಲ. ತಾನು ಹೂಂ ಎಂದದ್ದೂ ನೆನಪಿರಲಿಲ್ಲ. ಆದರೆ ಅವಳು ಸುಳ್ಳಾಡುವವಳಲ್ಲ. ಅವನು ಹೋಗಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಅತ್ತ. ಅರವತ್ತು ವರ್ಷದವನು, ಮುಖ ಮುಚ್ಚಿಕೊಳ್ಳದೆ ಅತ್ತ. ಮುತ್ತಜ್ಜನ ಹಂಸ ಹೋಗಿತ್ತು. ಅಪ್ಪನ ರುದ್ರಾಕ್ಷಿ ಹೋಗಿತ್ತು. ಹಾಳೆಗಳು ಕೆರೆಯಲ್ಲಿ ಕರಗಿ ತಿಂಗಳುಗಳೇ ಆಗಿದ್ದವು.

ಮನೆಯಾಕೆ ಗವಸನ್ನು ಮುದುಡಿ ಹಿಡಿದುಕೊಂಡು ಒಲೆಯ ಕಡೆ ನಡೆದಳು. "ನನ್ನ ಕೈಯಾರೆ ಕೊಂದುಬಿಟ್ನಲ್ಲ, ಇದು ಸುಟ್ಟು ಹೋಗ್ಲಿ" ಎಂದಳು. ಮಗ್ಗ ದಾಟಿ ಹೋಗುವಾಗ ಅವಳ ಕೈಯಲ್ಲಿದ್ದುದರ ಒಂದು ಮೂಲೆಯಲ್ಲಿ ಜರಿ ಮಿಂಚಿತು.

"ತಡಿ" ಎಂದ ನೇಕಾರ.

ಗವಸನ್ನು ಇಸಿದುಕೊಂಡು ತೊಡೆಯ ಮೇಲೆ ಹಾಸಿದ. ತಿಂಗಳುಗಟ್ಟಲೆ ಅದನ್ನು ದಿನವೂ ಕಂಡಿದ್ದವನು, ಈಗ ನೋಡಿದ. ಅಪ್ಪ ನೇಯ್ದು ನೋಡಿ ಕತ್ತರಿಸಿದ ಚೂರುಗಳು. ಇಪ್ಪತ್ತಮೂರು ಇದ್ದವು. ಒಂದೊಂದರಲ್ಲೂ ಒಂದೊಂದು ಅಂಚು. ಎಳೆ ಎಣಿಸಿದರೆ ಹಾಳೆಗೆ ಇಳಿಸಬಹುದು. ಹಂಸದ ಅಂಚು ಅವುಗಳಲ್ಲಿ ಇರಲಿಲ್ಲ.

ಒಂದು ಚೂರಿನ ಮೇಲೆ ಬೆರಳಿಟ್ಟು, "ಇದು ಯಾವುದು?" ಎಂದು ಕೇಳಿದ.

"ಅದು ನಾನು ಬಂದ ವರ್ಷದ್ದು. ಬಾಗಿಲ ತೋರಣ ನೋಡಿ ಮಾವನೋರು ಬರೆದಿದ್ದು" ಎಂದಳು. ಕಣ್ಣೊರೆಸಿಕೊಂಡು ಅವನ ಪಕ್ಕ ಕೂತಳು. ಪಕ್ಕದ ಚೂರಿನದನ್ನೂ ಹೇಳಿದಳು. ಅದರ ಪಕ್ಕದ್ದನ್ನೂ ಹೇಳಿದಳು. ಯಾವ ಸೀರೆಗೆ ಏರಿಸಿದ್ದು, ಯಾರು ಉಟ್ಟದ್ದು, ಎಲ್ಲಿ ಎಳೆ ತಪ್ಪಿ ಮಾವ ಬೈದುಕೊಂಡದ್ದು, ಎಲ್ಲ ಅವಳಲ್ಲಿ ಇತ್ತು. ಮೂವತ್ತು ವರ್ಷದಿಂದ ಇತ್ತು. ಮೂರು ದಿನ ಅವಳು ಹೇಳಿದಳು. ನೇಕಾರ ಒಂದು ಸಲವೂ ಹೂಂ ಎನ್ನಲಿಲ್ಲ. ಕೇಳಿದ್ದನ್ನು ಬರೆದುಕೊಂಡ.

ಈಗ ಅವನು ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎಣಿಸಿ ಚೌಕಳಿ ಹಾಳೆಗೆ ಇಳಿಸುತ್ತಾನೆ. ಕಣ್ಣು ಮಂಜು. ಒಂದು ಅಂಚಿಗೆ ಒಂದು ತಿಂಗಳು ಹಿಡಿಯುತ್ತದೆ. ಸಾವಿರದಲ್ಲಿ ಇಪ್ಪತ್ತಮೂರು, ಅವೂ ಮುಗಿದಾವೋ ಇಲ್ಲವೋ. ಅವನು ಈ ಚಾಪೆಯ ಮೇಲೆ ಕೂತಿದ್ದಾಗ 'ದಣಿವು ಹೋಯ್ತೇನಪ್ಪ?' ಎಂದು ನಾನು ಕೇಳಿದೆ. 'ಇಲ್ಲ ಬುದ್ಧಿ, ಮೊದಲಿಗಿಂತ ಜಾಸ್ತಿ ಆಗೈತೆ. ಆದ್ರೆ ಈಗ ಯಾಕೆ ದಣಿದೆ ಅಂತ ಗೊತ್ತಿರ್ತದೆ' ಎಂದ.

ಕತೆ ಅಲ್ಲಿಗೆ ನಿಂತಿತು. ಮೊರದ ಅಕ್ಕಿಯೂ ಮುಗಿದಿತ್ತು. ಆರಿಸಿದ ಕಲ್ಲುಗಳು ಚಾಪೆಯ ಅಂಚಿನಲ್ಲಿ ಒಂದು ಚಿಟಿಕೆಯಷ್ಟು ಬಿದ್ದಿದ್ದವು. ಸದ್ಯೋಜಾತನಿಗೆ ಕತೆ ಅರ್ಥವಾಗಿತ್ತು, ಆದರೆ ಮೈಯ ಭಾರ ಇಳಿದಿರಲಿಲ್ಲ.

"ಹಂಗಾದ್ರೆ ಅಳಿಸ್ಲೇಬಾರ್ದಾ ಬುದ್ಧಿ?"

"ಅಳಿಸು. ಬೇಡ ಅಂದೋರು ಯಾರು? ಗವಿ ಖಾಲಿ ಐತೆ. ಇವತ್ತೇ ಹೋಗು" ಎಂದು ಗುರುಗಳು ಅಕ್ಕಿಯನ್ನು ಪಾತ್ರೆಗೆ ಸುರಿದರು.

ಸದ್ಯೋಜಾತನಿಗೆ ಕಿವಿಯನ್ನು ನಂಬಲಾಗಲಿಲ್ಲ. ಇಷ್ಟು ಸುಲಭವಾಗಿ ಅಪ್ಪಣೆ ಸಿಕ್ಕೀತೆಂದು ಅವನು ಎಣಿಸಿರಲಿಲ್ಲ. ಎದೆ ಹಗುರಾಯಿತು. ಬಗ್ಗಿ ಎರಡೂ ಕೈಗಳಿಂದ ಗುರುಗಳ ಪಾದ ಮುಟ್ಟಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದರು, "ಡಬ್ಬಿ ಹಿಡ್ಕೊಂಡು ಐದು ಸೋಮವಾರದಿಂದ ಜಗಲಿ ಮೇಲೆ ಕಾಯ್ತಿರೋ ಆ ತಾಯಿ, ಏನು ಹೇಳ್ಕೊಂಡು ಬಂದವ್ರೆ ಮಗಾ?"

ಬಗ್ಗಿದ ಸದ್ಯೋಜಾತ ಬಗ್ಗಿದಂತೆಯೇ ಉಳಿದ.